ಎಲ್ಲರೂ ಸ್ಪ್ರಿಂಗನ್ನೇ ಬೈತಾರೆ

ಕೆಟ್ಟು ನಿಂತ ಗ್ರಾಮಫೋನನ್ನು ಯಾರಿಗಾದರೂ ತೋರಿಸಿ ನೋಡಿ. ಮುಚ್ಚಳ ತೆಗೆಯೋ ಮುಂಚೆಯೇ "ಸ್ಪ್ರಿಂಗ್ ಹೋಗಿದೆ ಬಿಡಿ" ಅಂತಾರೆ. ಹಾಡು ಅರ್ಧಕ್ಕೆ ನಿಧಾನವಾದರೆ ಸ್ಪ್ರಿಂಗ್. ಒಳಗೆ ಧಡ್ ಅಂತ ಸದ್ದು ಬಂದರೆ ಸ್ಪ್ರಿಂಗ್. ದನಿ ನಡುಗಿದರೂ ಸ್ಪ್ರಿಂಗೇ. ಅಷ್ಟು ಹೇಳಿ ಪೆಟ್ಟಿಗೆಯನ್ನು ಅಟ್ಟಕ್ಕೆ ಸೇರಿಸಿದರೆ ಮುಗೀತು.

ನಮ್ಮ ಸೋದರಮಾವನ ಪೆಟ್ಟಿಗೆಗೂ ಇದೇ ತೀರ್ಪು ಸಿಕ್ಕಿತ್ತು. ಮಾವ ದಾವಣಗೆರೆಯ ಚೌಕಿಪೇಟೆಯ ಜವಳಿ ಅಂಗಡಿಯಲ್ಲಿ ಲೆಕ್ಕ ಬರೆದು ಬದುಕಿದವರು. ಹಗಲು ಲೆಕ್ಕ, ರಾತ್ರಿ ನಾಟಕ. ಚಿಂದೋಡಿ ಲೀಲಾ ಅವರ ಕೆಬಿಆರ್ ನಾಟಕ ಕಂಪನಿಯ ಊರಲ್ಲಿ ಹುಟ್ಟಿದವರಿಗೆ ನಾಟಕದ ಹುಚ್ಚು ಹಿಡಿಯೋದು ದೊಡ್ಡ ವಿಷಯವೇನಲ್ಲ. ಜೊತೆಗೆ ಹಾಡಿನ ಹುಚ್ಚು. ಹಾರ್ಮೋನಿಯಂ ಮೇಲೆ ಎರಡು ಕೈ ಇಟ್ಟು ಸ್ವರ ಹುಡುಕುವಷ್ಟು ಕಲಿತಿದ್ದಾರೆ. ಆದರೆ ಸ್ಕ್ರೂಡ್ರೈವರ್ ಕಂಡರೆ ಮಾರು ದೂರ. ಆ ಚಟ ನನ್ನದು.

ಪೆಟ್ಟಿಗೆ ಎಚ್‌ಎಂವಿ 102. 1931ರಲ್ಲಿ ಬಂದ ಮಾಡೆಲ್ಲು, ಆಮೇಲೆ ಎರಡು ದಶಕಕ್ಕೂ ಜಾಸ್ತಿ ತಯಾರಾಯಿತು. ಕರಿ ಹೊದಿಕೆ, ಮೂಲೆಗಳಿಗೆ ಲೋಹದ ಪಟ್ಟಿ, ಹಿಡಿದು ಒಯ್ಯೋಕೆ ಒಂದು ಹಿಡಿ. ಕಹಳೆ ಎಲ್ಲಿ ಅಂತ ಎಲ್ಲರೂ ಕೇಳ್ತಾರೆ. ಇದೆ, ಪೆಟ್ಟಿಗೆಯೊಳಗೇ ಮಡಚಿಕೊಂಡು ಕೂತಿದೆ. ಹಿತ್ತಾಳೆಯ ಹೊಳೆಯೋ ಕಹಳೆ ಬೇಕು ಅನ್ನೋರಿಗೆ ಈಗ 'ಆಂಟಿಕ್' ಅಂತ ಹೊಸದಾಗಿ ಮಾಡಿದ ಪೆಟ್ಟಿಗೆಗಳು ಬೇಕಾದಷ್ಟು ಸಿಗುತ್ತವೆ. ಅವುಗಳ ಹೊಟ್ಟೆಯಲ್ಲಿ ಎಷ್ಟೋ ಸಲ ಇರೋದು ಇಂಥದೇ ಹಳೇ ಕೈಪೆಟ್ಟಿಗೆಯಿಂದ ಕಿತ್ತ ಮೋಟಾರು. ಹಾಡುವ ಪೆಟ್ಟಿಗೆಯೊಂದನ್ನು ಹಾಳು ಮಾಡಿ, ಹಾಡಿದರೆ ಕೇಳಲಾಗದ ಶೋಪೀಸು ಮಾಡೋದು. ನನಗಂತೂ ಹೊಟ್ಟೆ ಉರಿಯುತ್ತದೆ.

ಮಾವನ ದೂರು ಹೀಗಿತ್ತು: "ಕೀ ಕೊಟ್ರೆ ತಿರುಗುತ್ತಲೇ, ಆದ್ರೆ ಮಧ್ಯದಾಗೆ ಎಗರಿ ಬೀಳುತ್ತೆ. ಪಲ್ಲವಿ ಮುಗಿಯೋದ್ರಾಗೆ ಹಾಡೋರಿಗೆ ಜ್ವರ ಬಂದಂಗೆ ಆಗುತ್ತೆ. ಸ್ಪ್ರಿಂಗ್ ಹೋಗೈತೆ, ಹೊಸದು ತರಿಸು."

ಹೊಸದು ತರಿಸೋದು ಈಗ ಕಷ್ಟವಲ್ಲ. ಫೋನಲ್ಲಿ ಹುಡುಕಿದರೆ ವಿದೇಶದಿಂದಲೂ ಬರುತ್ತದೆ. ಆದರೆ ತರಿಸೋ ಮುಂಚೆ ಒಳಗೆ ಏನಿದೆ ಅಂತ ನೋಡಬೇಕಲ್ವಾ?

ಕೀ ಕೊಟ್ಟರೆ ಹಿಡಿದುಕೊಳ್ಳುತ್ತದೆ ಅಂದರೆ ಸ್ಪ್ರಿಂಗು ತುಂಡಾಗಿಲ್ಲ. ತುಂಡಾಗಿದ್ದರೆ ಹಿಡಿಕೆ ಎಷ್ಟು ತಿರುಗಿಸಿದರೂ ಬಿಗಿ ಸಿಗೋದಿಲ್ಲ, ಸುಮ್ನೆ ಸುತ್ತುತ್ತಲೇ ಇರುತ್ತದೆ. ಇದು ಮೊದಲ ಪರೀಕ್ಷೆ, ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ. ಎರಡನೆಯದು ಆ ಧಡ್ ಸದ್ದು. ಸ್ಪ್ರಿಂಗು ಅಂದರೆ ಸುಮಾರು ಒಂದಿಂಚು ಅಗಲದ ಉಕ್ಕಿನ ಪಟ್ಟಿ, ಬಿಚ್ಚಿ ಹಾಸಿದರೆ ಹತ್ತು ಅಡಿಗೂ ಉದ್ದ. ಅದನ್ನು ಸುರುಳಿ ಸುತ್ತಿ ಅಂಗೈಯಗಲದ ಉಕ್ಕಿನ ಡಬ್ಬಿಯೊಳಗೆ ಕೂರಿಸಿರುತ್ತಾರೆ. ಹೊರಗಿನ ತುದಿ ಡಬ್ಬಿಯ ಗೋಡೆಗೆ ಸಿಕ್ಕಿಸಿದೆ, ಒಳಗಿನ ತುದಿ ನಡುವಿನ ಅಚ್ಚಿಗೆ. ಹಿಡಿಕೆ ತಿರುಗಿಸಿದಾಗ ಸುರುಳಿ ಬಿಗಿಯುತ್ತದೆ, ಹಾಡುವಾಗ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳುವಾಗ ಒಂದು ಸುತ್ತು ಇನ್ನೊಂದರ ಮೇಲೆ ಜಾರಬೇಕು. ಅದಕ್ಕೇ ಗ್ರೀಸು. ಗ್ರೀಸು ಒಣಗಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು, ತಡೆದು ತಡೆದು, ಒಮ್ಮೆಲೇ ಬಿಟ್ಟುಕೊಳ್ಳುತ್ತವೆ. ಆಗ ಧಡ್ ಅನ್ನುತ್ತದೆ. ಮುಳ್ಳು ಗೀರಿನಿಂದ ಎಗರಿ ಬೀಳುತ್ತದೆ.

ಅಂದರೆ ಬಹುಮಟ್ಟಿಗೆ ಹೋಗಿರೋದು ಗ್ರೀಸು, ಬೈಸಿಕೊಳ್ಳೋದು ಸ್ಪ್ರಿಂಗು.

ಬಿಚ್ಚೋ ಮುಂಚೆ ಒಂದು ಮಾತು. ಯಾರಾದರೂ ಇದನ್ನು ಓದಿ ಮನೆಯಲ್ಲಿ ಕೈ ಹಾಕೋದಾದರೆ ಇದನ್ನು ಮಾತ್ರ ಬಿಡಬೇಡಿ. ಮೊದಲು ತಟ್ಟೆಯ ಬ್ರೇಕು ತೆಗೆದು, ಅದು ತಾನಾಗಿ ನಿಲ್ಲೋವರೆಗೂ ತಿರುಗೋಕೆ ಬಿಡಿ. ಕೀ ಕೊಟ್ಟಿರುವ ಮೋಟಾರಿನಿಂದ ಗವರ್ನರನ್ನು, ಅಂದರೆ ವೇಗ ಹಿಡಿದಿಡೋ ಭಾಗವನ್ನು, ಬಿಚ್ಚಿದರೆ, ಸ್ಪ್ರಿಂಗಿನ ಶಕ್ತಿಯನ್ನು ತಡೆಯೋಕೆ ಏನೂ ಉಳಿಯೋದಿಲ್ಲ. ಚಕ್ರಗಳು ಕಿರುಚಿಕೊಂಡು ತಿರುಗಿ ಹಲ್ಲು ಕಳೆದುಕೊಳ್ಳುತ್ತವೆ. ಬೆರಳು ಹತ್ತಿರವಿದ್ದರೆ ಅದೂ ಹೋಗುತ್ತದೆ. ಇನ್ನು, ಪೂರ್ತಿ ಓಡಿ ನಿಂತ ಮೇಲೂ ಡಬ್ಬಿಯೊಳಗಿನ ಸ್ಪ್ರಿಂಗು ಸತ್ತಿರೋದಿಲ್ಲ. ಅದು ಡಬ್ಬಿಯ ಗೋಡೆಯನ್ನು ತಳ್ಳಿಕೊಂಡು ಕೂತಿರುತ್ತದೆ. ಒಮ್ಮೆಲೇ ಹೊರಗೆ ಹಾರಿದರೆ ಅದರ ಅಂಚು ಕುಡುಗೋಲಿಗಿಂತ ಕಮ್ಮಿಯೇನಲ್ಲ. ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ, ಸುತ್ತಮುತ್ತ ಮಕ್ಕಳು ಬೇಡ.

ಮಾವನ ಮನೆಯ ಹಿತ್ತಿಲ ಕಲ್ಲಿನ ಮೇಲೆ ಹಳೇ ಗೋಣಿ ಹಾಸಿ ಕೂತೆ. ಅತ್ತೆ ದೂರದಿಂದಲೇ "ಅದೇನ್ ಬಾಂಬ್ ಬಿಚ್ತೀಯೋ" ಅಂತ ಒಳಗೆ ಹೋದರು. ಡಬ್ಬಿಯ ಮುಚ್ಚಳ ತೆಗೆದಾಗ ಕಂಡದ್ದು ಉಕ್ಕಲ್ಲ. ಡಬ್ಬಿಯ ತಳದಲ್ಲಿ ಮರೆತ ಜೋನಿಬೆಲ್ಲ ವರ್ಷಗಟ್ಟಲೆ ಗಟ್ಟಿಯಾದ ಹಾಗೆ ಕರಿ ಗ್ರೀಸು ಮೆತ್ತಿಕೊಂಡಿತ್ತು. ಅಡಿಯಲ್ಲೆಲ್ಲೋ ಸ್ಪ್ರಿಂಗಿನ ಅಂಚುಗಳು ಗೆರೆ ಗೆರೆಯಾಗಿ ಕಾಣ್ತಿದ್ದವು. ಹಾಗೇ ಎಳೆಯೋಕೆ ಆಗೋದಿಲ್ಲ. ಸ್ವಲ್ಪ ಸೀಮೆಎಣ್ಣೆ ಸುರಿದು ನೆನೆಯೋಕೆ ಬಿಟ್ಟು, ಮಾವನ ಜೊತೆ ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದೆ. ಈ ಊರಲ್ಲಿ ಯಾವುದೇ ವಸ್ತು ನೆನೆಯುವಷ್ಟು ಹೊತ್ತಿಗೆ ಅದೇ ಲೆಕ್ಕ.

ಸ್ಪ್ರಿಂಗನ್ನು ಒಳಗಿನ ತುದಿಯಿಂದ ತೆಗೆಯಬೇಕು. ಇಕ್ಕಳದಲ್ಲಿ ಆ ತುದಿ ಹಿಡಿದು ಅರ್ಧ ಸುತ್ತು ಮೇಲೆತ್ತೋದು, ಉಳಿದದ್ದನ್ನು ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿಯೋದು, ಡಬ್ಬಿಯನ್ನು ಸ್ವಲ್ಪ ತಿರುಗಿಸೋದು, ಮತ್ತೆ ಅರ್ಧ ಸುತ್ತು. ಹೊರಗೆ ಬಂದ ಭಾಗ ಅಗಲವಾಗಿ ಬಿಚ್ಚಿಕೊಳ್ಳೋಕೆ ನೋಡುತ್ತದೆ, ಒಳಗಿನದು ಒಟ್ಟಿಗೇ ಹೊರಗೆ ಬರೋಕೆ ನೋಡುತ್ತದೆ. ಇವೆರಡರ ಮಧ್ಯೆ ನಮ್ಮ ಹೆಬ್ಬೆರಳು. ಅವಸರ ಮಾಡೋ ಹಾಗಿಲ್ಲ, ಅರ್ಧಕ್ಕೆ ಬಿಟ್ಟು ಏಳೋ ಹಾಗೂ ಇಲ್ಲ. ಕೊನೆಯ ಸುತ್ತು ಬಂದಾಗ ಹೊರತುದಿಯನ್ನು ಡಬ್ಬಿಯ ಕೊಕ್ಕೆಯಿಂದ ಬಿಡಿಸಿ ಅಂಗಳದಲ್ಲಿ ಹಾಸಿದೆ. ದೊಡ್ಡ ದೊಡ್ಡ ಸುತ್ತಾಗಿ ಬಿದ್ದುಕೊಂಡಿತು. ಮಾವ ಕೋಲಿನಿಂದ ಒಮ್ಮೆ ತಟ್ಟಿ ನೋಡಿದರು.

ತೊಳೆದು ಬಟ್ಟೆಯಲ್ಲಿ ಒರೆಸಿದ ಮೇಲೆ ನೋಡಬೇಕಾದ್ದು ಮೂರು: ತುಕ್ಕು ಕೊರೆದ ಗುಂಡಿ ಇದೆಯಾ, ಅಂಚಲ್ಲಿ ಬಿರುಕಿದೆಯಾ, ಎರಡು ತುದಿಯ ತೂತುಗಳು ಹೇಗಿವೆ. ಮೈಯೆಲ್ಲ ನೀಲಿಗಪ್ಪು ಬಣ್ಣದಲ್ಲಿ ಚೆನ್ನಾಗಿಯೇ ಇತ್ತು. ಆದರೆ ಒಳತುದಿಯ ತೂತಿನ ಒಂದು ಮಗ್ಗುಲು ಸೀಳಿತ್ತು. ಅಚ್ಚಿನ ಕೊಕ್ಕೆ ಅಲ್ಲಿಗೇ ಸಿಕ್ಕಿಕೊಳ್ಳೋದು. ಇನ್ನೆಷ್ಟು ಸಲ ಕೀ ಕೊಟ್ಟಿದ್ದರೆ ಹರೀತಿತ್ತೋ.

ಮಾವನಿಗೆ ಖುಷಿಯೋ ಖುಷಿ. "ನೋಡ್ದ್ಯಾ, ಸ್ಪ್ರಿಂಗೇ ಹೋಗೈತೆ ಅಂದಿದ್ನಲ್ಲ!"

ಒಂದಿಂಚು ಹೋಗಿದೆ ಮಾವ, ಹತ್ತು ಅಡಿಯಲ್ಲ ಅಂದೆ. ಹೊಸ ಸ್ಪ್ರಿಂಗು ತರಿಸೋಕೆ ನನಗೆ ಮನಸ್ಸಿರಲಿಲ್ಲ. ಅಳತೆ ಸರಿಯಾಗಿ ಹೊಂದದ ಸ್ಪ್ರಿಂಗು ಹಾಕಿ ಕೆಟ್ಟ ಪೆಟ್ಟಿಗೆಗಳನ್ನು ನೋಡಿದ್ದೇನೆ. ದಪ್ಪ ಇದ್ದರೆ ಗಟ್ಟಿ ಅಂದುಕೊಂಡು ದಪ್ಪದ್ದು ಹಾಕ್ತಾರೆ. ಗಡಿಯಾರದವರಿಗೆ ಗೊತ್ತಿರೋ ಹಳೇ ಲೆಕ್ಕ ಒಂದಿದೆ. ಅಚ್ಚಿಗೂ ಡಬ್ಬಿಯ ಗೋಡೆಗೂ ನಡುವಿನ ಜಾಗದಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಸ್ಪ್ರಿಂಗು ತುಂಬಬೇಕು. ಉಳಿದರ್ಧ ಅದು ಬಿಗಿಯೋಕೆ, ಬಿಚ್ಚೋಕೆ. ಜಾಸ್ತಿ ತುಂಬಿದರೆ ಸುತ್ತುಗಳು ಕಮ್ಮಿಯಾಗುತ್ತವೆ, ಹಾಡು ಮುಗಿಯೋ ಮುಂಚೆ ಕೀ ಮುಗಿಯುತ್ತದೆ. ಇರೋ ಸ್ಪ್ರಿಂಗಿನ ಒಂದಿಂಚು ಕಳೆದರೆ ಈ ಲೆಕ್ಕಕ್ಕೆ ಏನೂ ಆಗೋದಿಲ್ಲ.

ಆದರೆ ಆ ಉಕ್ಕಿಗೆ ತೂತು ಕೊರೆಯೋದು ಹೇಗೆ? ಹದ ಮಾಡಿದ ಸ್ಪ್ರಿಂಗ್ ಉಕ್ಕಿನ ಮೇಲೆ ಡ್ರಿಲ್ಲಿನ ಮೊನೆ ಸುಮ್ನೆ ಜಾರುತ್ತದೆ. ತುದಿಯನ್ನು ಮೆತ್ತಗೆ ಮಾಡಬೇಕು, ಉಳಿದ ಮೈಯ ಹದ ಕೆಡಬಾರದು. ಇದಕ್ಕೆ ಗ್ರಾಮಫೋನ್ ಗೊತ್ತಿರೋರು ಬೇಕಿಲ್ಲ, ಕಮಾನು ಗೊತ್ತಿರೋರು ಬೇಕು. ಪುಣೆ–ಬೆಂಗಳೂರು ರಸ್ತೆ ಊರ ಮಧ್ಯೆಯೇ ಹಾದುಹೋಗಿದ್ದ ಊರಿದು. ಪಿಬಿ ರೋಡಿನ ಉದ್ದಕ್ಕೂ ಲಾರಿ ಕೆಲಸದವರು ಇದ್ದೇ ಇದ್ದಾರೆ. ಲಾರಿಯ ಕಮಾನು ಪಟ್ಟಿ ಕಟ್ಟೋ ಒಬ್ಬರ ಹತ್ತಿರ ಹೋದೆ.

ಅವರು ಸ್ಪ್ರಿಂಗನ್ನು ಹಿಡಿದು ಬಾಗಿಸಿ, ಬಿಟ್ಟು, ಮತ್ತೆ ಬಾಗಿಸಿದರು. "ಏನಿದು ಸಾರ್, ರಿಬ್ಬನ್ ತಂದೀರಿ?" ಅಂದರು. ಗ್ರಾಮಫೋನಿನದು ಅಂದಾಗ ಅವರು ನಗಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟುದ್ದ ಮೆತ್ತಗಾಗ್ಬೇಕು?" ಕೆಲಸ ಬಲ್ಲವರು ಅಂತ ನನಗೆ ಅಲ್ಲೇ ಖಾತ್ರಿಯಾಯಿತು. ಸೀಳಿದ ಭಾಗ ಕತ್ತರಿಸಿ, ಅಲ್ಲಿಂದ ಒಂದಿಂಚಿನ ಆಚೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಗೆರೆಯ ಆಚೆ ಒದ್ದೆ ಗೋಣಿ ಸುತ್ತಿದರು. ಗ್ಯಾಸಿನ ಉರಿಯನ್ನು ತುದಿಗೆ ಹಿಡಿದಾಗ ಉಕ್ಕು ಮೊದಲು ಹುಲ್ಲಿನ ಹಳದಿಗೆ ತಿರುಗಿತು, ಆಮೇಲೆ ಕಂದು, ನೇರಳೆ, ನೀಲಿ. ತುದಿ ಕೆಂಪಾಗುವ ಹೊತ್ತಿಗೆ ಆ ನೀಲಿ ಪಟ್ಟೆ ಗೋಣಿಯ ಕಡೆಗೆ ನಿಧಾನಕ್ಕೆ ತೆವಳ್ತಿತ್ತು. ಅವರು ನೋಡ್ತಿದ್ದದ್ದು ಕೆಂಪನ್ನಲ್ಲ, ಆ ನೀಲಿಯನ್ನು. ಅದು ಗೆರೆ ಮುಟ್ಟುತ್ತಿದ್ದ ಹಾಗೇ ಉರಿ ತೆಗೆದು, ತುದಿಯನ್ನು ಬೂದಿಯ ಡಬ್ಬದಲ್ಲಿ ಹೂತರು. ನಿಧಾನಕ್ಕೆ ಆರಿದರೆ ತಾನೇ ಮೆತ್ತಗಾಗೋದು. ನೀರಿಗೆ ಅದ್ದಿದರೆ ಗಾಜಾಗಿಬಿಡುತ್ತದೆ.

ಆರಿದ ಮೇಲೆ ತೂತು ಸಲೀಸಾಗಿ ಬಿತ್ತು. ಅರದಿಂದ ಅಂಚು ನುಣುಪು ಮಾಡಿ, ಇಕ್ಕಳದಲ್ಲಿ ತುದಿಯನ್ನು ಅಚ್ಚಿನ ದುಂಡಗೆ ಸರಿಯಾಗಿ ಬಾಗಿಸಿದೆವು. ಬಾಗಿಸದೆ ಬಿಟ್ಟರೆ ಅಚ್ಚಿನ ಕೊಕ್ಕೆಗೆ ತೂತು ಸಿಗೋದೇ ಇಲ್ಲ. ದುಡ್ಡು ಎಷ್ಟು ಅಂದರೆ, "ಟೀ ಕುಡ್ಸಿ ಸಾರ್" ಅಂದರು. ಟೀ ಜೊತೆ ದುಡ್ಡೂ ಕೊಟ್ಟೆ. ಕೆಲಸವನ್ನು ಪುಕ್ಕಟೆ ಮಾಡಿಸಿಕೊಂಡು ಅದನ್ನೇ ಊರಿಗೆಲ್ಲ ಹೆಮ್ಮೆಯಿಂದ ಹೇಳೋರನ್ನು ಕಂಡರೆ ನನಗಾಗೋದಿಲ್ಲ.

ಮತ್ತೆ ಡಬ್ಬಿಗೆ ಸುತ್ತೋದನ್ನು ಜಾಸ್ತಿ ಹೇಳಬೇಕಿಲ್ಲ. ಈ ಸಲ ಹೊರತುದಿಯಿಂದ ಶುರು, ಒಂದೊಂದೇ ಸುತ್ತು ಒಳಗೆ. ತಿರುಗೋ ದಿಕ್ಕು ಮುಂಚೆಯೇ ಗುರುತು ಹಾಕಿಕೊಂಡಿರಬೇಕು. ಗ್ರ್ಯಾಫೈಟ್ ಬೆರೆತ ಗ್ರೀಸನ್ನು ತೆಳ್ಳಗೆ ಸವರಬೇಕು. ಜಾಸ್ತಿ ಹಾಕಿದರೆ ಒಳ್ಳೆಯದು ಅಂತಲ್ಲ, ಮುಚ್ಚಳದ ಸಂದಿಯಿಂದ ಸೋರಿ ಮೋಟಾರೆಲ್ಲ ಮೆತ್ತಿಕೊಳ್ಳುತ್ತದೆ.

ಜೋಡಿಸಿ ಕೀ ಕೊಟ್ಟೆವು. ಧಡ್ ಸದ್ದು ಹೋಗಿತ್ತು. ಎಗರೋದೂ ಇಲ್ಲ. ಆದರೆ ಹಾಡು ಇನ್ನೂ ನಡುಗ್ತಾ ಇತ್ತು.

ಇಲ್ಲಿಂದ ಮುಂದಿನದೇ ನನ್ನ ಮಟ್ಟಿಗೆ ಅಸಲು ರಿಪೇರಿ. ಸ್ಪ್ರಿಂಗಿನ ಕೆಲಸ ತಳ್ಳೋದು. ತಳ್ಳೋಕೆ ಅದಕ್ಕೆ ಯಾವಾಗಲೂ ಒಂದೇ ಶಕ್ತಿ ಇರೋದಿಲ್ಲ. ಕೀ ಪೂರ್ತಿ ಇದ್ದಾಗ ಜೋರು, ಬಿಚ್ಚಿಕೊಳ್ಳುತ್ತಾ ಹೋದ ಹಾಗೆ ಕಮ್ಮಿ. ಹಾಗಿದ್ದೂ ರಿಕಾರ್ಡು ಮೊದಲಿಂದ ಕೊನೆಯವರೆಗೆ ನಿಮಿಷಕ್ಕೆ 78 ಸುತ್ತು ತಿರುಗಬೇಕು. ಹತ್ತಿಂಚಿನ ರಿಕಾರ್ಡಿನ ಒಂದು ಮಗ್ಗುಲು ಅಂದರೆ ಮೂರು ನಿಮಿಷದ ಹಾಡು. ಆ ಮೂರು ನಿಮಿಷ ವೇಗ ಅಲುಗಬಾರದು. ಎಮಿಲ್ ಬರ್ಲಿನರ್ 1887ರಲ್ಲಿ ಗ್ರಾಮಫೋನಿಗೆ ಪೇಟೆಂಟ್ ತೆಗೆದುಕೊಂಡ ಮೇಲೆ ಮೊದಮೊದಲು ಮಾರಿದ ಯಂತ್ರಗಳನ್ನು ಕೈಯಲ್ಲೇ ತಿರುಗಿಸಬೇಕಿತ್ತು. ತಿರುಗಿಸೋರ ಕೈ ಸೋತರೆ ಹಾಡುಗಾರನ ಶ್ರುತಿಯೂ ಸೋಲುತ್ತಿತ್ತು. ಅಮೆರಿಕದ ಕ್ಯಾಮ್ಡೆನ್ ಊರಿನ ಎಲ್ಡ್ರಿಜ್ ಜಾನ್ಸನ್ ಅನ್ನೋ ಮೆಕ್ಯಾನಿಕ್ 1896ರಲ್ಲಿ ಬರ್ಲಿನರ್ ಕಂಪನಿಗೆ ಸ್ಪ್ರಿಂಗ್ ಮೋಟಾರು ಮಾಡಿಕೊಟ್ಟ. ಆಮೇಲೆಯೇ ಗ್ರಾಮಫೋನು ಆಟದ ಸಾಮಾನಿನಿಂದ ಸಂಗೀತದ ಪೆಟ್ಟಿಗೆ ಆದದ್ದು. ಎಲ್ಲರೂ ಸ್ಪ್ರಿಂಗ್ ಮೋಟಾರು ಅಂತಲೇ ಹೊಗಳುತ್ತಾರೆ. ಆದರೆ ಸ್ಪ್ರಿಂಗು ಗಡಿಯಾರದಲ್ಲಿ ಶತಮಾನಗಳಿಂದ ಇತ್ತು. ಕಷ್ಟ ಇದ್ದದ್ದು ಅದನ್ನು ಸದ್ದಿಲ್ಲದೆ, ಎಳೆತವಿಲ್ಲದೆ, ಒಂದೇ ಸಮ ಓಡಿಸೋದರಲ್ಲಿ. ಗಡಿಯಾರ ಟಿಕ್ ಟಿಕ್ ಅಂತ ನಿಂತು ನಿಂತು ಓಡಿದರೆ ನಡೆಯುತ್ತದೆ. ಹಾಡು ಹಾಗೆ ಓಡೋಕೆ ಆಗುತ್ತಾ?

ಆ ಕೆಲಸ ಗವರ್ನರಿನದು. ಒಂದು ಸಣ್ಣ ಅಚ್ಚು. ಅದರ ಸುತ್ತ ಮೂರು ತೆಳು ಪಟ್ಟಿ, ಒಂದೊಂದರ ನಡುವೆ ಒಂದೊಂದು ಗುಂಡು. ಪಟ್ಟಿಗಳ ಒಂದು ತುದಿ ಅಚ್ಚಿಗೆ ಗಟ್ಟಿಯಾಗಿ ಕಟ್ಟಿದೆ. ಇನ್ನೊಂದು ತುದಿ ಅಚ್ಚಿನ ಮೇಲೆ ಜಾರುವ ಒಂದು ಬಿಲ್ಲೆಗೆ. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಹಾರೋಕೆ ನೋಡುತ್ತವೆ, ಪಟ್ಟಿಗಳು ಬಿಲ್ಲಿನಂತೆ ಬಾಗುತ್ತವೆ, ಬಿಲ್ಲೆ ಎಳೆದುಕೊಂಡು ಬರುತ್ತದೆ. ಬಂದು ಒಂದು ಚರ್ಮದ ಅಥವಾ ಉಣ್ಣೆಯ ತುಣುಕಿಗೆ ಉಜ್ಜುತ್ತದೆ. ಉಜ್ಜಿದಾಗ ವೇಗ ತಗ್ಗುತ್ತದೆ, ಗುಂಡುಗಳು ಒಳಗೆ ಸರಿಯುತ್ತವೆ, ಬಿಲ್ಲೆ ಹಿಂದೆ ಹೋಗುತ್ತದೆ. ಇದು ಬಿಡುವಿಲ್ಲದೆ ನಡೀತಾ ಇರುತ್ತದೆ. ಮೇಲಿನ ವೇಗದ ಲಿವರನ್ನು ನಾವು ಸರಿಸಿದಾಗ ಆಗೋದು ಇಷ್ಟೇ, ಆ ಉಣ್ಣೆಯ ತುಣುಕು ಒಂದು ಕೂದಲೆಳೆ ಹತ್ತಿರ ಅಥವಾ ದೂರ ಹೋಗುತ್ತದೆ. ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ 1788ರಲ್ಲಿ ಹಾಕಿದ್ದೂ ಇಂಥದೇ ಗುಂಡುಗಳ ಗವರ್ನರ್. ಆದರೆ ಅಲ್ಲಿ ಅದು ಉಗಿಯನ್ನು ಕಮ್ಮಿ ಮಾಡುತ್ತದೆ. ಇಲ್ಲಿ ಶಕ್ತಿಯನ್ನು ಉಜ್ಜಿ ಉಜ್ಜಿ ವ್ಯರ್ಥ ಮಾಡುತ್ತದೆ. ನಾವು ಬೆವರು ಸುರಿಸಿ ಕೊಟ್ಟ ಕೀಯಲ್ಲಿ ಒಂದಷ್ಟನ್ನು ಚೂರು ಉಣ್ಣೆಯ ಮೇಲೆ ಸುಟ್ಟು ಹಾಕೋದೇ ಈ ಯಂತ್ರದ ಜಾಣತನ.

ಗವರ್ನರನ್ನು ತೆಗೆದುಕೊಂಡು ಗಡಿಯಾರ ರಿಪೇರಿ ಮಾಡೋ ಸಾಹೇಬ್ರ ಹತ್ತಿರ ಹೋದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಮ್ಮೆ ತಿರುಗಿಸಿ ನೋಡಿ, "ಯಾರ್ರೀ ಇದನ್ನ ಬೆಸುಗೆ ಹಾಕಿದ್ದು?" ಅಂದರು. ಮೂರು ಪಟ್ಟಿಗಳಲ್ಲಿ ಒಂದು ಕಂಪನಿಯದಲ್ಲ. ಯಾವಾಗಲೋ ಮುರಿದದ್ದಕ್ಕೆ ಯಾರೋ ಬೇರೆ ತಗಡು ಕತ್ತರಿಸಿ ಸೀಸದ ಬೆಸುಗೆ ಹಾಕಿದ್ದರು. ಉಳಿದೆರಡಕ್ಕಿಂತ ದಪ್ಪ. "ನಮ್ಮೂರೋನೇ ಇರ್ಬೇಕು. ಕೆಲ್ಸ ನಿಂತಿಲ್ಲ ನೋಡಿ, ಓಡ್ಸ್ಯಾನೆ," ಅಂತ ನಕ್ಕರು. ಬೈಗುಳವೋ ಮೆಚ್ಚುಗೆಯೋ ತಿಳೀಲಿಲ್ಲ.

ನಡುಕ ಬಂದದ್ದೇ ಇದರಿಂದ. ದಪ್ಪ ಪಟ್ಟಿ ಕಮ್ಮಿ ಬಾಗುತ್ತದೆ, ತೆಳು ಪಟ್ಟಿಗಳು ಜಾಸ್ತಿ. ಬಿಲ್ಲೆ ನೆಟ್ಟಗೆ ನಿಲ್ಲದೆ ಓಲಾಡಿಕೊಂಡು ತಿರುಗುತ್ತದೆ. ಉಜ್ಜೋದೂ ಒಂದೇ ಸಮ ಇರೋದಿಲ್ಲ. ಒಂದನ್ನೇ ಬದಲಾಯಿಸಿ ಅಂದೆ. ಸಾಹೇಬ್ರು ಒಪ್ಪಲಿಲ್ಲ. ಹಾಕಿದರೆ ಮೂರೂ ಒಟ್ಟಿಗೆ ಹಾಕಬೇಕು, ಮೂರೂ ಒಂದೇ ಪಟ್ಟಿಯಿಂದ ಕತ್ತರಿಸಿದ್ದಾಗಿರಬೇಕು. ಡ್ರಾಯರಿನಿಂದ ಯಾವುದೋ ಟೈಂಪೀಸಿನ ಹಳೇ ಸ್ಪ್ರಿಂಗು ತೆಗೆದರು. ಹೆಬ್ಬೆರಳಿಗಿಂತ ಉದ್ದವಿಲ್ಲದ ಮೂರು ತುಂಡು. ತುದಿಗಳನ್ನು ಸ್ಪಿರಿಟ್ ದೀಪಕ್ಕೆ ಹಿಡಿದು ಮೆತ್ತಗೆ ಮಾಡಿ ತೂತು ಹಾಕಿದರು. ಪಿಬಿ ರೋಡಿನಲ್ಲಿ ಗೋಣಿ ಸುತ್ತಿ ಮಾಡಿದ ಕೆಲಸವನ್ನೇ ಇಲ್ಲಿ ಚಿಮಟದ ತುದಿಯಲ್ಲಿ ಮಾಡಿದ್ದು. ಇವರಿಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇರಲಿಕ್ಕಿಲ್ಲ.

ಗವರ್ನರಿನ ಅಚ್ಚಿನ ಎರಡು ತುದಿಯ ಬುಷ್ಷುಗಳನ್ನು, ಅಂದರೆ ಅಚ್ಚು ಕೂತು ತಿರುಗೋ ತೂತಿನ ತುಂಡುಗಳನ್ನು, ಕೂರಿಸೋದು ಇನ್ನೂ ನಾಜೂಕು. ಬುಷ್ಷಿನ ತೂತು ಸರಿಯಾಗಿ ಮಧ್ಯದಲ್ಲಿ ಇರೋದಿಲ್ಲ, ಬೇಕೆಂದೇ ಒಂದು ಪಕ್ಕಕ್ಕೆ ಇಟ್ಟಿರುತ್ತಾರೆ. ಬುಷ್ಷನ್ನು ಸ್ವಲ್ಪ ತಿರುಗಿಸಿದರೆ ಗವರ್ನರ್ ಚಕ್ರದ ಹಲ್ಲಿಗೆ ಹತ್ತಿರವಾಗುತ್ತದೆ ಇಲ್ಲವೇ ದೂರವಾಗುತ್ತದೆ. ಹತ್ತಿರ ಜಾಸ್ತಿಯಾದರೆ ಮೋಟಾರು ಏದುಸಿರು ಬಿಡುತ್ತದೆ, ದೂರವಾದರೆ ಗುರುಗುಡುತ್ತದೆ. ಹಾಡಿನ ಹಿಂದೆ ಆ ಗುರುಗುಡು ಕೇಳಿಸುತ್ತದೆ. ಸಾಹೇಬ್ರು ತಿರುಗಿಸಿ, ಕಿವಿ ಹತ್ತಿರ ಇಟ್ಟು, ಮತ್ತೆ ತಿರುಗಿಸಿದರು. ಉಜ್ಜೋ ತುಣುಕು ಕಲ್ಲಾಗಿತ್ತು. ಅದಕ್ಕೆ ಹಾರ್ಮೋನಿಯಂ ರಿಪೇರಿಯವರ ಹತ್ತಿರ ಚೂರು ಉಣ್ಣೆಯ ಬನಾತು ತಂದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಎಣ್ಣೆ ಇಲ್ಲದಿದ್ದರೆ ಅದು ಕಿರ್ರೋ ಅಂತ ಕೂಗುತ್ತದೆ.

ಲಾರಿ ಕಮಾನಿನವರು, ಗಡಿಯಾರದವರು, ಹಾರ್ಮೋನಿಯಂನವರು, ಹೊಲಿಗೆ ಯಂತ್ರದ ಎಣ್ಣೆ. ಗ್ರಾಮಫೋನ್ ರಿಪೇರಿ ಅಂತ ಬೋರ್ಡು ಹಾಕಿದ ಅಂಗಡಿ ನಾನಂತೂ ಇಡೀ ದಾವಣಗೆರೆಯಲ್ಲಿ ನೋಡಿಲ್ಲ. ಬೇಕಾಗಲೂ ಇಲ್ಲ.

ಈಗ 78 ಸುತ್ತು ಆಗುತ್ತಾ ಅಂತ ನೋಡೋದು. ರಿಕಾರ್ಡಿನ ಅಡಿಗೆ ಕಾಗದದ ತುಂಡು ಸಿಕ್ಕಿಸಿ ಒಂದು ನಿಮಿಷ ಎಣಿಸಬಹುದು. ಅದಕ್ಕಿಂತ ಚೆಂದದ ದಾರಿ ಗೆರೆಗಳ ಬಿಲ್ಲೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ದಿಕ್ಕು ತಿರುಗಿ ಮರಳುತ್ತದೆ, ಹಾಗಾಗಿ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ, ನಿಮಿಷಕ್ಕೆ 6000 ಸಲ ಮಿನುಗುತ್ತದೆ. 6000ವನ್ನು 78ರಿಂದ ಭಾಗಿಸಿದರೆ ಹೆಚ್ಚುಕಮ್ಮಿ 77. ಕಾಗದದ ಬಿಲ್ಲೆಯ ಅಂಚಿಗೆ ಸಮದೂರದಲ್ಲಿ 77 ಗೆರೆ ಎಳೆದು ರಿಕಾರ್ಡಿನ ಮೇಲಿಟ್ಟು ತಿರುಗಿಸಿ. ವೇಗ ಸರಿ ಇದ್ದರೆ ಗೆರೆಗಳು ನಿಂತ ಹಾಗೆ ಕಾಣುತ್ತವೆ. ನಿಧಾನ ಆದರೆ ಹಿಂದಕ್ಕೆ ಸರಿಯುತ್ತವೆ, ಜೋರಾದರೆ ಮುಂದಕ್ಕೆ. ಚೋಕ್ ಇರೋ ಹಳೇ ಟ್ಯೂಬ್‌ಲೈಟೇ ಬೇಕು, ಒಳ್ಳೆಯ ಎಲ್‌ಇಡಿ ಬಲ್ಬು ಹಾಗೆ ಮಿನುಗೋದಿಲ್ಲ. ಮಾವ ಜಿಪುಣರಾಗಿದ್ದು ಇಲ್ಲಿ ಉಪಯೋಗಕ್ಕೆ ಬಂತು, ಅವರ ನಡುಮನೆಯಲ್ಲಿ ಅದೇ ಇತ್ತು. ಇನ್ನೊಂದು, ಪರೀಕ್ಷೆ ಮಾಡುವಾಗ ಮುಳ್ಳು ರಿಕಾರ್ಡಿನ ಮೇಲೆ ಇರಬೇಕು. ಮುಳ್ಳಿನ ಎಳೆತವನ್ನೂ ಮೋಟಾರು ಹೊರಬೇಕಲ್ಲ.

ಗೆರೆಗಳು ನಿಂತವು. ಮೊದಲ ನಿಮಿಷದಲ್ಲೂ ನಿಂತಿದ್ದವು, ಮೂರನೆಯದರಲ್ಲೂ.

ಮಾವ ಆರಿಸಿದ್ದು ತಮ್ಮ ಹತ್ತಿರದ ಎಲ್ಲಕ್ಕಿಂತ ಹಳೇ ರಿಕಾರ್ಡು. ಗಂಗೂಬಾಯಿ ಹಾನಗಲ್ಲರದು, 1930ರ ದಶಕದ್ದು. ಆಗ ಎಚ್‌ಎಂವಿಯವರು ಅವರ ಹೆಸರನ್ನು ಗಾಂಧಾರಿ ಹುಬ್ಬಳ್ಳಿ ಅಂತ ಅಚ್ಚು ಹಾಕಿದ್ದರು. ಪೆಟ್ಟಿಗೆಯಿಂದ ತೆಳ್ಳನೆ, ಎತ್ತರದ, ಹುಡುಗಿಯ ದನಿ ಬಂತು. ಮಾವನ ಮುಖ ಸಪ್ಪಗಾಯಿತು.

"ಜೋರಾಗಿ ತಿರುಗ್ತೈತಲೇ. ಇದು ಗಂಗಜ್ಜಿ ದನಿ ಅಲ್ಲ."

ಅವರು ಕೇಳಿದ ಗಂಗೂಬಾಯಿ ಬೇರೆ. ಕಛೇರಿಯಲ್ಲಿ, ಆಕಾಶವಾಣಿಯಲ್ಲಿ ಕೇಳಿದ ಆ ಗಡಸು ದನಿ. ಕಣ್ಣು ಮುಚ್ಚಿ ಕೇಳಿದರೆ ಗಂಡಸೋ ಹೆಂಗಸೋ ಅಂತ ಹೊಸಬರು ಕೇಳ್ತಿದ್ದ ದನಿ. ಅದು ಗಂಟಲಿನ ತೊಂದರೆ, ಚಿಕಿತ್ಸೆ ಎಲ್ಲ ಆದ ಮೇಲೆ ಬಂದದ್ದು. ಅದಕ್ಕೂ ಮುಂಚಿನ ರಿಕಾರ್ಡುಗಳಲ್ಲಿ ಅವರ ದನಿ ಹೀಗೇ ತೆಳ್ಳಗೆ, ಎತ್ತರಕ್ಕೆ ಇದೆ. 1913ರಲ್ಲಿ ಹುಟ್ಟಿದವರು, ಆಗಿನ್ನೂ ಇಪ್ಪತ್ತರ ಆಸುಪಾಸು. ಇದನ್ನೆಲ್ಲ ಹೇಳಿದೆ. ಗೆರೆಗಳ ಬಿಲ್ಲೆ ತೋರಿಸಿದೆ. ಮಾವ ಕೇಳಲಿಲ್ಲ. ವೇಗದ ಲಿವರನ್ನು ನಿಧಾನದ ಕಡೆ ಎಳೆದರು. ಗೆರೆಗಳು ಹಿಂದಕ್ಕೆ ಸರಿದವು, ದನಿ ಇಳಿಯಿತು. "ಈಗ ನೋಡು, ಈಗ ಬಂದ್ರು," ಅಂದರು.

ಇದು ಬರೀ ಹಟ ಅಂತ ತಳ್ಳಿಹಾಕೋಕೂ ಆಗೋದಿಲ್ಲ. ವೇಗಕ್ಕೂ ಶ್ರುತಿಗೂ ಇರೋ ನಂಟು ಅಷ್ಟು ಬಿಗಿ. 78ರಿಂದ 73–74ಕ್ಕೆ ಇಳಿದರೆ ಸಾಕು, ಹಾಡು ಅರ್ಧ ಸ್ವರ ಕೆಳಗೆ ಬರುತ್ತದೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಒಂದರಲ್ಲಿ ಹಾಡಿದವರು ಬಿಳಿ ಒಂದರಲ್ಲಿ ಹಾಡಿದ ಹಾಗೆ. ಜೊತೆಗೆ 78 ಅನ್ನೋದು ಮೊದಲಿಂದ ಕಲ್ಲಲ್ಲಿ ಕೊರೆದ ಸಂಖ್ಯೆಯಲ್ಲ. ಕಹಳೆಗೆ ಬಾಯಿಟ್ಟು ಹಾಡುತ್ತಿದ್ದ ಕಾಲದಲ್ಲಿ 70ರಿಂದ 80ರವರೆಗೂ, ಕೆಲವು ಸಲ ಅದರಾಚೆಗೂ, ಬೇರೆ ಬೇರೆ ವೇಗದಲ್ಲಿ ಧ್ವನಿಮುದ್ರಣ ಆಗಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್, ಅದೇ ನಮ್ಮ ಮೈಸೂರು ಅರಮನೆಗೆ ಬಂದು 1930ರಲ್ಲಿ ಮೈಸೂರಲ್ಲೇ ತೀರಿಕೊಂಡವರು, ಅವರ ಮೊದಲ ರಿಕಾರ್ಡುಗಳನ್ನು ಕಣ್ಣು ಮುಚ್ಚಿ 78ರಲ್ಲಿ ಹಾಕಿದರೆ ಸರಿಯಾದ ದನಿ ಸಿಗುತ್ತದೆ ಅಂತ ಹೇಳೋಕಾಗೋದಿಲ್ಲ. ಆದರೆ ವಿದ್ಯುತ್ ಮೈಕಿನ ಮುದ್ರಣ 1925ರಿಂದ ಶುರುವಾಯಿತು, ಆಮೇಲೆ 78 ಹೆಚ್ಚುಕಮ್ಮಿ ನೆಲೆ ನಿಂತಿತು. ಗಂಗೂಬಾಯಿಯವರ ರಿಕಾರ್ಡು ಅದರ ನಂತರದ್ದು. ಒಂದೆರಡು ಸುತ್ತು ಹೆಚ್ಚುಕಮ್ಮಿ ಇರಬಹುದು, ಹುಡುಗಿಯ ದನಿಯನ್ನು ಅಜ್ಜಿಯ ದನಿ ಮಾಡುವಷ್ಟು ಅಲ್ಲ. ಮಾವ ಕೇಳಬೇಕು ಅನ್ನೋ ಗಡಸಿಗೆ ಇಳಿಸಿದರೆ ತಬಲಾ ಕೂಡ ನಿದ್ದೆಗಣ್ಣಲ್ಲಿ ನುಡಿಸಿದ ಹಾಗಿರುತ್ತದೆ. ಅದನ್ನು ತೋರಿಸಿದ ಮೇಲೆ ಸ್ವಲ್ಪ ಯೋಚಿಸಿದರು. ತಬಲಾದವರ ಮೇಲೆ ಅವರಿಗೆ ಗೌರವ ಜಾಸ್ತಿ.

ಒಪ್ಪಿದರು ಅಂತ ಅಂದುಕೊಂಡೇ ಹೊರಟೆ. ವಾರ ಕಳೆದ ಮೇಲೆ ಅತ್ತೆ ಫೋನು ಮಾಡಿದ್ದರು. ನಾನು ಹೊರಟು ಬಂದ ಸಂಜೆಯಿಂದಲೇ ಲಿವರು ಮತ್ತೆ ನಿಧಾನದ ಕಡೆಗೆ ಹೋಗಿದೆಯಂತೆ, ನೆಂಟರಿಷ್ಟರು ಬಂದಾಗ ಮಾತ್ರ 78. ಇನ್ನೂ ಒಂದು ವಿಷಯ ಗೊತ್ತಾಯಿತು. ಉಕ್ಕಿನ ಮುಳ್ಳು ಒಂದು ಮಗ್ಗುಲಿಗೆ ಒಂದು, ಹಾಡು ಮುಗಿದ ಮೇಲೆ ಎಸೆಯಬೇಕು. ಸವೆದ ಮುಳ್ಳು ಅರಗಿನ ರಿಕಾರ್ಡಿನ ಗೀರನ್ನೇ ಉಳುತ್ತದೆ. ಮಾವ ಒಂದೇ ಮುಳ್ಳಲ್ಲಿ ಇಡೀ ಸಂಜೆ ಕಳೀತಿದ್ದಾರೆ. ಕೇಳಿದರೆ, "ಇನ್ನೂ ಚೂಪೈತೆ ಬಿಡೇ" ಅಂತಾರಂತೆ.

"ಬರೋವಾಗ ಎರಡು ಡಬ್ಬಿ ಮುಳ್ಳು ತಗಂಡ್ ಬಾರಪ್ಪ," ಅಂದರು ಅತ್ತೆ. "ದುಡ್ಡು ನಾನು ಕೊಡ್ತೀನಿ, ಅವರಿಗೆ ರೇಟು ಹೇಳ್ಬ್ಯಾಡ."